ಒಪಿಎಂಎಲ್ ಫೈಲಿಗೆ ಯಾವ ಕಂಟೆಂಟ್ ಟೈಪ್? ಪದೇ ಪದೇ ಕೇಳುವ ಪ್ರಶ್ನೆಗಳು

ಫೀಡ್ ಪಟ್ಟಿ, ಪಾಡ್‌ಕಾಸ್ಟ್ ಪಟ್ಟಿ, ಪಾಠದ ಟಿಪ್ಪಣಿ ಹೀಗೆ ಔಟ್‌ಲೈನ್ ರೂಪದ ಫೈಲನ್ನು ವೆಬ್‌ಗೆ ಏರಿಸಿದ ಗೆಳೆಯರು ನನ್ನನ್ನು ಕೇಳುತ್ತಾ ಬಂದಿರುವ ಪ್ರಶ್ನೆಗಳು ಇಲ್ಲಿವೆ. ಕನ್ನಡದಲ್ಲಿ ಪಟ್ಟಿ ಮಾಡುವವರಿಗೆ ಬರುವ ತೊಂದರೆಗಳಿಗೆ ಸ್ವಲ್ಪ ಜಾಸ್ತಿ ಜಾಗ ಕೊಟ್ಟಿದ್ದೇನೆ. ಟೈಪ್‌ಗಳ ಮತ್ತು ಸೆಟ್ಟಿಂಗ್‌ಗಳ ಹೆಸರನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನಿಮ್ಮ ಸರ್ವರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು.

## ಮೊದಲು ಹೇಳಿ, ಒಪಿಎಂಎಲ್ ಅಂದ್ರೆ ಏನು?

ಔಟ್‌ಲೈನ್ ಇಡಲು ಮಾಡಿದ ಒಂದು ಎಕ್ಸ್‌ಎಂಎಲ್ ರೂಪ. ಎಕ್ಸ್‌ಎಂಎಲ್ ಅಂದರೆ ಮಾಹಿತಿಯನ್ನು ಟ್ಯಾಗ್‌ಗಳನ್ನು ಬಳಸಿ ಬರೆದಿಡುವ ಪದ್ಧತಿ. ಔಟ್‌ಲೈನ್ ಅಂದರೆ ಒಂದು ಸಾಲು, ಅದರ ಕೆಳಗೆ ಸ್ವಲ್ಪ ಒಳಗೆ ಸರಿದ ಸಾಲುಗಳು, ಅವುಗಳ ಕೆಳಗೆ ಮತ್ತಷ್ಟು. ವಂಶವೃಕ್ಷ ಬರೆದ ಹಾಗೆ. ಡೇವ್ ವೈನರ್ ಅವರ ಯೂಸರ್‌ಲ್ಯಾಂಡ್ ಕಂಪನಿ ಇದನ್ನು 2000ದಲ್ಲಿ ಹೊರತಂದಿತು. ಎರಡನೇ ಆವೃತ್ತಿ, ಅಂದರೆ 2.0, ಆಮೇಲೆ ಬಂತು. ಇವತ್ತು ಬಳಕೆಯಲ್ಲಿರುವುದು ಅದೇ.

ಹೆಚ್ಚಿನವರಿಗೆ ಇದರ ಪರಿಚಯ ಆಗಿದ್ದು ಫೀಡ್ ರೀಡರ್‌ಗಳಿಂದ, ಅಂದರೆ ಸೈಟುಗಳ ಹೊಸ ಬರಹಗಳ ಪಟ್ಟಿಯನ್ನು (ಅದೇ ಫೀಡ್) ತಂದು ತೋರಿಸುವ ಆ್ಯಪ್‌ಗಳಿಂದ. 2013ರ ಜುಲೈನಲ್ಲಿ ಗೂಗಲ್ ರೀಡರ್ ಬಾಗಿಲು ಹಾಕಿದಾಗ ಜನ ತಮ್ಮ ಚಂದಾ ಪಟ್ಟಿಯನ್ನು ಈ ರೂಪದಲ್ಲೇ ಹೊತ್ತುಕೊಂಡು ಬೇರೆ ಮನೆ ಹುಡುಕಿದರು. ಈಗ ಆಂಟೆನಾಪಾಡ್, ಓವರ್‌ಕಾಸ್ಟ್‌ನಂಥ ಪಾಡ್‌ಕಾಸ್ಟ್ ಆ್ಯಪ್‌ಗಳೂ, ವರ್ಕ್‌ಫ್ಲೋಯಿ, ಡೈನಲಿಸ್ಟ್‌ನಂಥ ಟಿಪ್ಪಣಿ ಆ್ಯಪ್‌ಗಳೂ ಇದೇ ರೂಪದಲ್ಲಿ ಫೈಲ್ ಕೊಡುತ್ತವೆ.

## ಫೈಲಿನ ಹೆಸರಿನ ಕೊನೆಯಲ್ಲಿ ಡಾಟ್ ಒಪಿಎಂಎಲ್ ಇದ್ದರೆ ಸಾಲದಾ?

ನಿಮ್ಮ ಕಂಪ್ಯೂಟರಿನ ಒಳಗೆ ಸಾಕು. ವೆಬ್‌ನಲ್ಲಿ ಸಾಲದು.

ನಮ್ಮ ಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಉಪ್ಪಿನಕಾಯಿ ಇರುತ್ತದೆ ಅಲ್ವಾ? ಮನೆಯವರಿಗೆ ಗೊತ್ತು, ನೇರ ಕೈ ಹಾಕುತ್ತಾರೆ. ಹೊಸದಾಗಿ ಬಂದವರು ಲೇಬಲ್ ನೋಡಿ ಹಾಲು ಕಾಯಿಸಲು ಹೋಗುತ್ತಾರೆ. ವೆಬ್‌ನಲ್ಲಿ ಬ್ರೌಸರ್ ಯಾವಾಗಲೂ ಹೊಸದಾಗಿ ಬಂದವರು. ಸರ್ವರ್ ಪ್ರತಿ ಫೈಲಿನ ಮುಂದೆ ಕಂಟೆಂಟ್-ಟೈಪ್ ಎಂಬ ಒಂದು ಹೆಡರ್ ಸಾಲು ಕಳಿಸುತ್ತದೆ. ಅದೇ ಲೇಬಲ್. ಬ್ರೌಸರ್ ಮೊದಲು ನಂಬುವುದು ಅದನ್ನು, ಫೈಲಿನ ಹೆಸರನ್ನಲ್ಲ.

ಈ ಲೇಬಲ್ ಪದ್ಧತಿ ಶುರುವಾಗಿದ್ದು ವೆಬ್‌ಗಾಗಿ ಅಲ್ಲ, ಇಮೇಲ್‌ಗಾಗಿ. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಬರೆದ ಮೈಮ್ ನಿಯಮಗಳಲ್ಲಿ ಇದು ಬಂತು. ಅದಕ್ಕೇ ಇದನ್ನು ಇಂದಿಗೂ ಮೈಮ್ ಟೈಪ್ ಅಂತಲೂ ಕರೆಯುತ್ತಾರೆ. ಓರೆಗೆರೆಯ ಎಡಕ್ಕೆ ದೊಡ್ಡ ವರ್ಗ, ಬಲಕ್ಕೆ ಒಳಗಿನ ಜಾತಿ: ಟೆಕ್ಸ್ಟ್/ಎಚ್‌ಟಿಎಂಎಲ್, ಇಮೇಜ್/ಪಿಎನ್‌ಜಿ, ಹೀಗೆ.

## ಹಾಗಾದರೆ ಒಪಿಎಂಎಲ್‌ಗೆ ಅಧಿಕೃತ ಟೈಪ್ ಯಾವುದು?

ಇಲ್ಲ. ಎಲ್ಲ ಗೊಂದಲದ ಮೂಲ ಇದೇ.

ಇಂಥ ಟೈಪ್‌ಗಳ ನೋಂದಣಿ ಪುಸ್ತಕ ಐಎಎನ್‌ಎ ಎಂಬ ಸಂಸ್ಥೆಯ ಹತ್ತಿರ ಇದೆ. ಅದರಲ್ಲಿ ಒಪಿಎಂಎಲ್ ಹೆಸರು ಇಲ್ಲ. ಆಟಮ್ ಎಂಬ ಬಗೆಯ ಫೀಡ್‌ಗೆ 2005ರಲ್ಲೇ ಆರ್‌ಎಫ್‌ಸಿ 4287ರ ಜೊತೆ ಸ್ವಂತ ಟೈಪ್ ಸಿಕ್ಕಿತು (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ನಿಯಮಗಳನ್ನು ಬರೆದ, ಸಂಖ್ಯೆ ಹಾಕಿದ ದಾಖಲೆ). ಒಪಿಎಂಎಲ್‌ಗೆ ಅಂಥ ಭಾಗ್ಯ ಬರಲಿಲ್ಲ. ಹಾಗಾಗಿ ರೂಢಿಯಲ್ಲಿ ಕೆಲವು ಓಡಾಡುತ್ತಿವೆ.

ಟೆಕ್ಸ್ಟ್/ಎಕ್ಸ್-ಒಪಿಎಂಎಲ್ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಅಪಾಚೆ ಸರ್ವರ್‌ನ ಜೊತೆ ಬರುವ ಟೈಪ್ ಪಟ್ಟಿಯಲ್ಲಿ ಇರುವುದು ಇದೇ. ಲಿನಕ್ಸ್ ಡೆಸ್ಕ್‌ಟಾಪ್‌ಗಳು ಇದಕ್ಕೆ ಪ್ಲಸ್ ಎಕ್ಸ್‌ಎಂಎಲ್ ಎಂಬ ಬಾಲ ಸೇರಿಸಿ ಟೆಕ್ಸ್ಟ್/ಎಕ್ಸ್-ಒಪಿಎಂಎಲ್+ಎಕ್ಸ್‌ಎಂಎಲ್ ಎಂದು ಗುರುತಿಸುತ್ತವೆ. ಒಪಿಎಂಎಲ್ ಎಕ್ಸ್‌ಎಂಎಲ್ಲೇ ಆದ್ದರಿಂದ ಟೆಕ್ಸ್ಟ್/ಎಕ್ಸ್‌ಎಂಎಲ್ ಮತ್ತು ಅಪ್ಲಿಕೇಶನ್/ಎಕ್ಸ್‌ಎಂಎಲ್ ಕೂಡ ತಪ್ಪಲ್ಲ. ಇವೆರಡೂ ನೋಂದಣಿ ಆದವು. ಕೆಲವರು ಅಪ್ಲಿಕೇಶನ್/ಒಪಿಎಂಎಲ್+ಎಕ್ಸ್‌ಎಂಎಲ್ ಎಂದೂ ಕಳಿಸುತ್ತಾರೆ. ಹೆಸರು ಚೆನ್ನಾಗಿದೆ, ನೋಂದಣಿ ಮಾತ್ರ ಆಗಿಲ್ಲ.

## ಹೆಸರಿನ ನಡುವೆ ಆ "ಎಕ್ಸ್-" ಯಾಕೆ?

ನೋಂದಣಿ ಆಗದ, ಪ್ರಯೋಗದ ಹೆಸರು ಎಂಬ ಗುರುತು. ಹೊಸ ಹೆಸರುಗಳಿಗೆ ಹೀಗೆ ಸೇರಿಸಬೇಡಿ ಎಂದು 2012ರ ಆರ್‌ಎಫ್‌ಸಿ 6648 ಹೇಳಿದೆ. ಹಳೆಯದು ಬೇರು ಬಿಟ್ಟಾಗಿದೆ, ಅದನ್ನು ಈಗ ಕೀಳಲು ಯಾರೂ ಹೋಗುವುದಿಲ್ಲ.

## ಸರಿ, ನಾನು ಯಾವುದನ್ನು ಹಾಕಲಿ?

ಒಂದೇ ಉತ್ತರ ಬೇಕು ಅಂದರೆ ನನ್ನದು ಇದು: ಟೆಕ್ಸ್ಟ್/ಎಕ್ಸ್‌ಎಂಎಲ್, ಅದರ ಮುಂದೆ ಸೆಮಿಕೋಲನ್ ಹಾಕಿ ಕ್ಯಾರ್‌ಸೆಟ್=ಯುಟಿಎಫ್-8. ಕ್ಯಾರ್‌ಸೆಟ್ ಅಂದರೆ ಅಕ್ಷರಗಳನ್ನು ಯಾವ ಪದ್ಧತಿಯಲ್ಲಿ ಬೈಟ್‌ಗಳಾಗಿ ಬರೆದಿದೆ ಎಂಬ ಸೂಚನೆ, ಯುಟಿಎಫ್-8 ಅಂಥ ಒಂದು ಪದ್ಧತಿ. ಎಕ್ಸ್‌ಎಂಎಲ್ ಓದಲು ಬರುವ ಯಾವ ಸಾಧನವೂ ಇದನ್ನು ತಿರಸ್ಕರಿಸುವುದಿಲ್ಲ. ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರ್‌ನಲ್ಲಿ ತೆರೆದವರಿಗೂ ಪಟ್ಟಿ ಮರದ ಆಕಾರದಲ್ಲಿ ಕಾಣುತ್ತದೆ.

ಜನ ಕ್ಲಿಕ್ ಮಾಡಿದ ಕೂಡಲೇ ಫೈಲ್ ಇಳಿಯಬೇಕು, ಫೀಡ್ ರೀಡರ್‌ಗೆ ಹಾಕಿಕೊಳ್ಳಬೇಕು ಅಂತಿದ್ದರೆ ಟೆಕ್ಸ್ಟ್/ಎಕ್ಸ್-ಒಪಿಎಂಎಲ್ ಕೊಡಬಹುದು. ಆದರೆ ಡೌನ್‌ಲೋಡ್ ಆಗಲಿ ಎಂಬ ಕೆಲಸವನ್ನು ಅದೊಂದರ ಮೇಲೇ ಹೊರಿಸಬೇಡಿ. ಆ ಟೈಪ್ ಕಂಡರೆ ಒಂದು ಬ್ರೌಸರ್ ಇಳಿಸಿಕೊಳ್ಳುತ್ತದೆ, ಇನ್ನೊಂದು ಸುಮ್ನೆ ಅಕ್ಷರವಾಗಿ ತೋರಿಸುತ್ತದೆ. ಇಳಿಯಲೇಬೇಕು ಅಂದರೆ ಕಂಟೆಂಟ್-ಡಿಸ್ಪೊಸಿಶನ್ ಎಂಬ ಬೇರೆ ಹೆಡರ್ ಇದೆ. ಅದರಲ್ಲಿ ಅಟ್ಯಾಚ್‌ಮೆಂಟ್ ಎಂದು ಬರೆಯಿರಿ, ಫೈಲಿನ ಹೆಸರನ್ನೂ ಕೊಡಿ.

## ನನ್ನ ಪಟ್ಟಿಯಲ್ಲಿ ಕನ್ನಡ ಹೆಸರುಗಳಿವೆ. ಇಂಪೋರ್ಟ್ ಮಾಡಿದರೆ ಏನೇನೋ ಗುರುತುಗಳು ಬರುತ್ತವೆ. ಯಾಕೆ?

ನನಗೆ ಹೆಚ್ಚು ಬರುವ ಪ್ರಶ್ನೆ ಇದು. ಹತ್ತಿರದಿಂದ ನೋಡೋಣ.

ಯುಟಿಎಫ್-8ರಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. "ಕನ್ನಡ" ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಐದು ಸಂಕೇತ: ಕ, ನ, ಹಲಂತದ ಗುರುತು, ಮತ್ತೆ ನ, ಡ. ಒಟ್ಟು ಹದಿನೈದು ಬೈಟ್. ಓದುವ ಆ್ಯಪ್ ಇದನ್ನು ಯುಟಿಎಫ್-8 ಅಂತ ತಿಳಿಯದೆ ಹಳೆಯ ಯುರೋಪಿನ ಅಕ್ಷರ ಪಟ್ಟಿ ಅಂದುಕೊಂಡರೆ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಮಾಡುತ್ತದೆ. "ಕ" ಹೋಗಿ ಅಲ್ಲಿ ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ಎ, ಮೇಲಕ್ಕೆ ಏರಿಸಿದ ಪುಟ್ಟ 2, ಒಂದು ದಪ್ಪ ಚುಕ್ಕೆ ಬರುತ್ತವೆ. "ನ" ಇದ್ದಲ್ಲೂ ಅದೇ ಓರೆಗೆರೆಯ ಎ, ಅದೇ ಪುಟ್ಟ 2. ಹಲಂತದ ಜಾಗದಲ್ಲಿ ಮಾತ್ರ 2ರ ಬದಲು ಪುಟ್ಟ 3. ಓರೆಗೆರೆಯ ಎ ಮತ್ತು ಪುಟ್ಟ 2, 3 ಸಾಲುಸಾಲಾಗಿ ಕಂಡರೆ ಫೈಲ್ ಹಾಳಾಗಿಲ್ಲ ಅಂತ ಧೈರ್ಯ ತಂದುಕೊಳ್ಳಿ. ಬೈಟ್‌ಗಳು ಸರಿಯಾಗಿವೆ, ಲೇಬಲ್ ತಪ್ಪಿದೆ. ಪ್ರಶ್ನಾರ್ಥಕ ಚಿಹ್ನೆಗಳೇ ತುಂಬಿದ್ದರೆ ಬೇರೆ ವಿಷಯ. ಫೈಲ್ ಉಳಿಸುವಾಗಲೇ ಅಕ್ಷರ ಹೋಗಿರುತ್ತದೆ. ಮೂಲ ಆ್ಯಪ್‌ಗೆ ಹೋಗಿ ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿ.

ಲೇಬಲ್ ಹೇಗೆ ತಪ್ಪುತ್ತದೆ? ಇದಕ್ಕೊಂದು ಹಳೆಯ ಕಥೆ ಇದೆ. 2001ರ ಆರ್‌ಎಫ್‌ಸಿ 3023ರ ಪ್ರಕಾರ, ಟೆಕ್ಸ್ಟ್/ಎಕ್ಸ್‌ಎಂಎಲ್ ಎಂದು ಕಳಿಸಿ ಕ್ಯಾರ್‌ಸೆಟ್ ಹೇಳದಿದ್ದರೆ, ಓದುವವರು ಅದನ್ನು ಯುಎಸ್-ಆಸ್ಕಿ ಎಂದೇ ತಿಳಿಯಬೇಕಿತ್ತು. ಆಸ್ಕಿ ಅಂದರೆ ಬರೀ ಇಂಗ್ಲಿಷ್. ಫೈಲಿನ ಮೊದಲ ಸಾಲಿನಲ್ಲಿ ಯುಟಿಎಫ್-8 ಎಂದು ನೀವು ಸ್ಪಷ್ಟವಾಗಿ ಬರೆದಿದ್ದರೂ ಅದಕ್ಕೆ ಬೆಲೆ ಇರಲಿಲ್ಲ. ಕನ್ನಡ, ತಮಿಳು, ಹಿಂದಿ ಯಾವುದೇ ಇರಲಿ, ಲೆಕ್ಕಕ್ಕೇ ಇಲ್ಲದಂಥ ನಿಯಮ. ಇದು ತಪ್ಪು ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಎಷ್ಟೋ ಸಾಫ್ಟ್‌ವೇರ್‌ಗಳು ಈ ನಿಯಮವನ್ನು ಬದಿಗಿಟ್ಟು ಫೈಲಿನ ಒಳಗೇ ನೋಡುತ್ತಿದ್ದವು. ನಿಯಮ ಪಾಲಿಸಿದವು ನಮ್ಮ ಅಕ್ಷರ ಕೆಡಿಸಿದವು.

2014ರಲ್ಲಿ ಆರ್‌ಎಫ್‌ಸಿ 7303 ಬಂದು ಇದನ್ನು ಸರಿಮಾಡಿತು. ಈಗ ಟೆಕ್ಸ್ಟ್/ಎಕ್ಸ್‌ಎಂಎಲ್‌ಗೂ ಅಪ್ಲಿಕೇಶನ್/ಎಕ್ಸ್‌ಎಂಎಲ್‌ಗೂ ಒಂದೇ ನಿಯಮ. ಫೈಲಿನ ಮೊದಲಲ್ಲಿ ಬಿಒಎಂ ಎಂಬ ಗುರುತಿನ ಬೈಟ್‌ಗಳಿದ್ದರೆ ಅದರ ಮಾತೇ ಕೊನೆ. ಇಲ್ಲದಿದ್ದರೆ ಹೆಡರ್‌ನ ಕ್ಯಾರ್‌ಸೆಟ್. ಅದೂ ಇಲ್ಲದಿದ್ದರೆ ಫೈಲಿನ ಮೊದಲ ಸಾಲಿನ ಎನ್‌ಕೋಡಿಂಗ್.

ಈ ಸರದಿಯನ್ನು ಗಮನಿಸಿ. ಹೆಡರ್ ಈಗಲೂ ಫೈಲಿನ ಮೊದಲ ಸಾಲಿಗಿಂತ ಮೇಲೆ ನಿಂತಿದೆ. ನಿಮ್ಮ ಫೈಲ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಸರ್ವರ್ ಐಎಸ್‌ಒ-8859-1 (ಅಂಥದೇ ಹಳೆಯ ಯುರೋಪಿನ ಅಕ್ಷರ ಪಟ್ಟಿ) ಎಂದು ಕಳಿಸಿದರೆ ಕನ್ನಡ ಕೆಡುತ್ತದೆ. ಅದಕ್ಕೇ ಹೆಡರ್‌ನಲ್ಲೂ ಯುಟಿಎಫ್-8, ಫೈಲಿನ ಒಳಗೂ ಯುಟಿಎಫ್-8, ಎರಡೂ ಕಡೆ ಒಂದೇ ಮಾತು ಇರಲಿ.

## ನನ್ನ ಸರ್ವರ್ ಈಗ ಏನು ಹೇಳುತ್ತಿದೆ ಅಂತ ನೋಡೋದು ಹೇಗೆ?

ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಭಾಗ ತೆರೆದು, ಫೈಲಿನ ವಿಳಾಸ ಹಾಕಿ. ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಹೆಡರ್‌ಗಳು ಕಾಣುತ್ತವೆ. ಟರ್ಮಿನಲ್ ಬಳಸುವವರು ಕರ್ಲ್ ಎಂದು ಬರೆದು, ಹೈಫನ್ ಮತ್ತು ದೊಡ್ಡಕ್ಷರದ ಐ ಕೊಟ್ಟು, ವಿಳಾಸ ಹಾಕಿದರೆ ಹೆಡರ್ ಮಾತ್ರ ಬರುತ್ತದೆ. ನನಗೆ ಇದೇ ಇಷ್ಟ. ಬ್ರೌಸರ್ ಹಳೆಯ ಹೆಡರನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡಿರಬಹುದು, ಕರ್ಲ್ ಹಾಗೆ ಇಟ್ಟುಕೊಳ್ಳುವುದಿಲ್ಲ. ನಡುವೆ ಸಿಡಿಎನ್ (ಫೈಲಿನ ನಕಲು ಇಟ್ಟುಕೊಂಡು ಹಂಚುವ ಸರ್ವರ್‌ಗಳ ಜಾಲ) ಇದ್ದರೆ ಅದರ ಕ್ಯಾಶನ್ನೂ ಖಾಲಿ ಮಾಡಿ ನೋಡಿ.

ಒಮ್ಮೆ ನನ್ನ ಕನ್ನಡ ಫೀಡ್‌ಗಳ ಪಟ್ಟಿಯನ್ನು ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸಾಗಿಸಿದ್ದೆ. ಫೈಲ್ ಅದೇ, ವಿಳಾಸ ಅದೇ. ಮರುದಿನ ಇಬ್ಬರು ಗೆಳೆಯರು ಪಟ್ಟಿ ತೆರೆಯುತ್ತಿಲ್ಲ ಎಂದರು. ಅರ್ಧ ದಿನ ಫೈಲಿನ ಒಳಗೇ ತಪ್ಪು ಹುಡುಕಿದೆ. ಕೊನೆಗೆ ಹೆಡರ್ ನೋಡಿದರೆ ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್ ಅಂತ ಇತ್ತು. "ಇದು ಏನೋ ಬೈಟ್‌ಗಳ ರಾಶಿ, ನನಗೆ ಗೊತ್ತಿಲ್ಲ" ಎಂದು ಹೇಳುವ ಟೈಪ್ ಅದು. ಹೊಸ ಸರ್ವರ್‌ಗೆ ಡಾಟ್ ಒಪಿಎಂಎಲ್ ಗೊತ್ತೇ ಇರಲಿಲ್ಲ. ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ನೋಡುವುದು ಹೆಡರ್.

## ಅಪಾಚೆಯಲ್ಲಿ ಹೇಗೆ ಹಾಕೋದು?

ಡಾಟ್ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ಎರಡು ಸಾಲು. ಮೊದಲನೆಯದು ಆ್ಯಡ್‌ಟೈಪ್, ಅದರ ಮುಂದೆ ನಿಮ್ಮ ಟೈಪ್, ಆಮೇಲೆ ಡಾಟ್ ಒಪಿಎಂಎಲ್. ಎರಡನೆಯದು ಆ್ಯಡ್‌ಕ್ಯಾರ್‌ಸೆಟ್, ಯುಟಿಎಫ್-8, ಡಾಟ್ ಒಪಿಎಂಎಲ್.

ಎರಡನೇ ಸಾಲನ್ನು ಬಿಡಬೇಡಿ. "ನಾನು ಆಗಲೇ ಆ್ಯಡ್‌ಡೀಫಾಲ್ಟ್‌ಕ್ಯಾರ್‌ಸೆಟ್ ಹಾಕಿದ್ದೇನಲ್ಲ" ಎನ್ನುವವರಿದ್ದಾರೆ. ಅದು ಟೆಕ್ಸ್ಟ್/ಪ್ಲೇನ್ ಮತ್ತು ಟೆಕ್ಸ್ಟ್/ಎಚ್‌ಟಿಎಂಎಲ್ ಎರಡಕ್ಕೆ ಮಾತ್ರ ಅನ್ವಯಿಸುತ್ತದೆ. ಒಪಿಎಂಎಲ್‌ಗೆ ತಾಗುವುದೇ ಇಲ್ಲ.

## ಎಂಜಿನ್‌ಎಕ್ಸ್‌ನಲ್ಲಿ?

ಮೈಮ್ ಡಾಟ್ ಟೈಪ್ಸ್ ಎಂಬ ಫೈಲಿನಲ್ಲಿ ಟೆಕ್ಸ್ಟ್/ಎಕ್ಸ್‌ಎಂಎಲ್ ಇರುವ ಸಾಲು ಹುಡುಕಿ, ಅದರ ಕೊನೆಯಲ್ಲಿ, ಸೆಮಿಕೋಲನ್‌ಗೆ ಮೊದಲು ಒಪಿಎಂಎಲ್ ಎಂದು ಸೇರಿಸಿ. ಸರ್ವರ್ ವಿಭಾಗದಲ್ಲಿ ಕ್ಯಾರ್‌ಸೆಟ್ ಯುಟಿಎಫ್-8 ಎಂದು ಬರೆಯಿರಿ. ಕಾನ್ಫಿಗ್ ಪರೀಕ್ಷಿಸಿ ರೀಲೋಡ್ ಮಾಡಿ.

ಎರಡು ಗುಂಡಿಗಳಿವೆ, ನೋಡಿಕೊಂಡು ನಡೆಯಿರಿ. ಟೆಕ್ಸ್ಟ್/ಎಕ್ಸ್-ಒಪಿಎಂಎಲ್ ಬಳಸುವುದಾದರೆ ಎಂಜಿನ್‌ಎಕ್ಸ್ ಅದಕ್ಕೆ ತಾನಾಗಿ ಕ್ಯಾರ್‌ಸೆಟ್ ಸೇರಿಸುವುದಿಲ್ಲ. ಯಾವ ಟೈಪ್‌ಗಳಿಗೆ ಸೇರಿಸಬೇಕು ಎಂಬ ಪಟ್ಟಿ ಕ್ಯಾರ್‌ಸೆಟ್_ಟೈಪ್ಸ್‌ನಲ್ಲಿದೆ. ಅದರಲ್ಲಿ ಟೆಕ್ಸ್ಟ್/ಎಕ್ಸ್‌ಎಂಎಲ್ ಮೊದಲೇ ಇದೆ, ಒಪಿಎಂಎಲ್ ಇಲ್ಲ. ಎರಡನೆಯದು: ಲೊಕೇಶನ್ ಒಳಗೆ ಹೊಸದಾಗಿ ಟೈಪ್ಸ್ ಎಂಬ ಬ್ಲಾಕ್ ತೆರೆದರೆ ಮೇಲಿನ ಇಡೀ ಪಟ್ಟಿ ಅಲ್ಲಿಗೆ ಮರೆತುಹೋಗುತ್ತದೆ. ಆ ಜಾಗದ ಚಿತ್ರ, ಸಿಎಸ್‌ಎಸ್ ಎಲ್ಲ ದಿಕ್ಕಾಪಾಲಾಗುತ್ತವೆ.

## ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟಿದ್ದೇನೆ. ಅಲ್ಲಿ ಬದಲಾಯಿಸಬಹುದಾ?

ಒಂದೊಂದು ಫೈಲಿಗೆ ಬದಲಾಯಿಸಲು ಆಗುವುದಿಲ್ಲ. ಅವರು ಮೈಮ್-ಡಿಬಿ ಎಂಬ ಸಾರ್ವಜನಿಕ ಪಟ್ಟಿ ಬಳಸುತ್ತಾರೆ, ಅದರಲ್ಲಿ ಡಾಟ್ ಒಪಿಎಂಎಲ್‌ಗೆ ಟೆಕ್ಸ್ಟ್/ಎಕ್ಸ್-ಒಪಿಎಂಎಲ್ ಇದೆ. ಟೆಕ್ಸ್ಟ್/ಎಕ್ಸ್‌ಎಂಎಲ್‌ನಂತೆ ಮರದ ಆಕಾರದಲ್ಲಿ ಕಾಣಬೇಕು ಅಂದರೆ ಫೈಲಿನ ಹೆಸರನ್ನೇ ಡಾಟ್ ಎಕ್ಸ್‌ಎಂಎಲ್ ಮಾಡಿ. ರೆಪೊಸಿಟರಿಯ "ರಾ" ಕೊಂಡಿಯನ್ನು ಮಾತ್ರ ಜನರಿಗೆ ಕೊಡಬೇಡಿ. ಅದು ಟೆಕ್ಸ್ಟ್/ಪ್ಲೇನ್ ಎಂದು ಕಳಿಸುತ್ತದೆ, ಜೊತೆಗೆ "ನೀನಾಗಿ ಊಹಿಸಬೇಡ" ಎಂದು ಬ್ರೌಸರ್‌ಗೆ ಹೇಳುವ ನೋಸ್ನಿಫ್ ಹೆಡರನ್ನೂ ಕಳಿಸುತ್ತದೆ.

## ಜಾವಾಸ್ಕ್ರಿಪ್ಟ್‌ನಿಂದ ತರಿಸಿದರೆ ರೆಸ್ಪಾನ್ಸ್‌ಎಕ್ಸ್‌ಎಂಎಲ್ ಖಾಲಿ ಬರುತ್ತಿದೆ. ಫೈಲ್ ಸರಿಯಾಗೇ ಇದೆಯಲ್ಲ?

ಇದ್ದೀತು. ಬ್ರೌಸರ್‌ನ ಕಣ್ಣಿಗೆ ಎಕ್ಸ್‌ಎಂಎಲ್ ಅಂದರೆ ಮೂರೇ ಬಗೆ: ಟೆಕ್ಸ್ಟ್/ಎಕ್ಸ್‌ಎಂಎಲ್, ಅಪ್ಲಿಕೇಶನ್/ಎಕ್ಸ್‌ಎಂಎಲ್, ಇಲ್ಲವೇ ಪ್ಲಸ್ ಎಕ್ಸ್‌ಎಂಎಲ್ ಎಂದು ಮುಗಿಯುವ ಹೆಸರು. ಟೆಕ್ಸ್ಟ್/ಎಕ್ಸ್-ಒಪಿಎಂಎಲ್ ಈ ಮೂರರಲ್ಲಿ ಯಾವುದೂ ಅಲ್ಲ. ಹಾಗಾಗಿ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್ ಅದನ್ನು ಪಾರ್ಸ್ ಮಾಡದೆ, ಅಂದರೆ ಬಿಡಿಸಿ ಓದದೆ, ನಲ್ (ಖಾಲಿ) ಕೊಡುತ್ತದೆ. ಓವರ್‌ರೈಡ್‌ಮೈಮ್‌ಟೈಪ್ ಬಳಸಿ ಟೆಕ್ಸ್ಟ್/ಎಕ್ಸ್‌ಎಂಎಲ್ ಎಂದು ಹೇಳಿದರೆ ಸರಿಹೋಗುತ್ತದೆ.

ಹೊಸದಾಗಿ ಬರೆಯುವವರು ಫೆಚ್ ಬಳಸಿ. ಅದರ ಟೆಕ್ಸ್ಟ್ ವಿಧಾನ ಯಾವಾಗಲೂ ಯುಟಿಎಫ್-8 ಎಂದೇ ಓದುತ್ತದೆ, ಕನ್ನಡಕ್ಕೆ ಇದು ದೊಡ್ಡ ನೆಮ್ಮದಿ. ಬಂದ ಅಕ್ಷರವನ್ನು ಡಾಮ್‌ಪಾರ್ಸರ್‌ಗೆ ಕೊಡುವಾಗ ಟೈಪ್ ಜಾಗದಲ್ಲಿ ಟೆಕ್ಸ್ಟ್/ಎಕ್ಸ್‌ಎಂಎಲ್ ಎಂದೇ ಬರೆಯಿರಿ. ಅಲ್ಲಿ ಒಪಿಎಂಎಲ್ ಟೈಪ್ ಬರೆದರೆ ಎರರ್ ಎಸೆಯುತ್ತದೆ. ಇನ್ನೊಂದು ಸೈಟಿನ ಫೈಲ್ ತರಿಸುತ್ತಿದ್ದರೆ ಆ ಸೈಟು ಕಾರ್ಸ್ ಅನುಮತಿಯನ್ನೂ (ಬೇರೆ ಸೈಟಿನ ಸ್ಕ್ರಿಪ್ಟ್ ತನ್ನ ಫೈಲ್ ಓದಲು ಒಪ್ಪಿಗೆ) ಕೊಟ್ಟಿರಬೇಕು. ಕಂಟೆಂಟ್ ಟೈಪ್ ಬದಲಾಯಿಸಿದರೆ ಅದು ಸಿಗುವುದಿಲ್ಲ.

## ಫೋನಿನಲ್ಲಿ ಅಪ್‌ಲೋಡ್ ಮಾಡಲು ಹೋದರೆ ಫೈಲ್ ಬೂದು ಬಣ್ಣದಲ್ಲಿದೆ, ಒತ್ತಲು ಆಗುತ್ತಿಲ್ಲ.

ಇಲ್ಲಿ ಸರ್ವರ್ ಇಲ್ಲ, ಹೆಡರ್ ಇಲ್ಲ. ಫೋನ್ ಫೈಲಿನ ಒಳಗೆ ನೋಡದೆ ಹೆಸರಿನ ಬಾಲದಿಂದ ಟೈಪ್ ಊಹಿಸುತ್ತದೆ. ಆ ಬಾಲ ಅದಕ್ಕೆ ಗೊತ್ತಿಲ್ಲದಿದ್ದರೆ ಟೈಪ್ ಖಾಲಿ, ಇಲ್ಲವೇ ಆಕ್ಟೆಟ್-ಸ್ಟ್ರೀಮ್. ಸೈಟ್ ಮಾಡುವವರು, ಯಾವ ಬಗೆಯ ಫೈಲ್ ಆರಿಸಬಹುದು ಎಂದು ಹೇಳುವ ಅಕ್ಸೆಪ್ಟ್ ಎಂಬ ಜಾಗದಲ್ಲಿ ಟೆಕ್ಸ್ಟ್/ಎಕ್ಸ್-ಒಪಿಎಂಎಲ್ ಒಂದನ್ನೇ ಬರೆದಿದ್ದರೆ ಬಳಕೆದಾರರಿಗೆ ಬಾಗಿಲು ಮುಚ್ಚಿದಂತೆ. ಡಾಟ್ ಒಪಿಎಂಎಲ್, ಡಾಟ್ ಎಕ್ಸ್‌ಎಂಎಲ್, ಎಕ್ಸ್‌ಎಂಎಲ್‌ನ ಎರಡೂ ಟೈಪ್‌ಗಳನ್ನು ಸೇರಿಸಿ. ಆಗಲೂ ತೊಂದರೆ ಇದ್ದರೆ ಅಕ್ಸೆಪ್ಟ್ ತೆಗೆದುಬಿಡಿ, ಫೈಲ್ ಬಂದ ಮೇಲೆ ಒಳಗೆ ನೋಡಿ ತೀರ್ಮಾನಿಸಿ. ಬಳಕೆದಾರರು ಸದ್ಯಕ್ಕೆ ಮಾಡಬಹುದಾದದ್ದು ಫೈಲಿನ ಹೆಸರನ್ನು ಡಾಟ್ ಎಕ್ಸ್‌ಎಂಎಲ್ ಎಂದು ಬದಲಿಸಿ ನೋಡುವುದು. ಎಷ್ಟೋ ಸಲ ಕೆಲಸ ಆಗುತ್ತದೆ.

## ಫೈಲಿನ ಒಳಗೆ ಟೈಪ್ ಆರ್‌ಎಸ್‌ಎಸ್ ಅಂತ ಬರೆದಿದೆಯಲ್ಲ, ಅದೇ ಕಂಟೆಂಟ್ ಟೈಪಾ?

ಅಲ್ಲ. ಹೆಸರು ಒಂದೇ ಆದರೂ ಸಂಬಂಧ ಇಲ್ಲ. ಅದು ಆ ಒಂದು ಸಾಲು ಯಾವ ಬಗೆಯದು ಎಂದು ಹೇಳುತ್ತದೆ: ಆರ್‌ಎಸ್‌ಎಸ್ ಅಂದರೆ ಫೀಡ್, ಲಿಂಕ್ ಅಂದರೆ ಕೊಂಡಿ, ಇನ್‌ಕ್ಲೂಡ್ ಅಂದರೆ ಇನ್ನೊಂದು ಔಟ್‌ಲೈನನ್ನು ಇಲ್ಲಿ ತಂದು ಸೇರಿಸು. ಇನ್‌ಕ್ಲೂಡ್ ಬಳಸಿದರೆ ಆ ಎರಡನೇ ಫೈಲಿನ ಹೆಡರ್ ಕೂಡ ಸರಿ ಇರಬೇಕು. ಹೆಚ್ಚಿನವರು ಅದನ್ನು ಪರೀಕ್ಷಿಸಲು ಮರೆಯುತ್ತಾರೆ.

## ಬೇರೆಯವರು ನನ್ನ ಸೈಟಿಗೆ ಒಪಿಎಂಎಲ್ ಏರಿಸಿ ಹಂಚಿಕೊಳ್ಳುತ್ತಾರೆ. ಆಗಲೂ ಟೆಕ್ಸ್ಟ್/ಎಕ್ಸ್‌ಎಂಎಲ್ ಕೊಡಲಾ?

ಬೇಡ. ನಾನು ಮೇಲೆ ಹೇಳಿದ ಸಲಹೆ ನೀವೇ ಬರೆದ ಫೈಲಿಗೆ ಮಾತ್ರ.

ಎಕ್ಸ್‌ಎಂಎಲ್ ಒಳಗೆ ಎಕ್ಸ್‌ಎಚ್‌ಟಿಎಂಎಲ್ ನೇಮ್‌ಸ್ಪೇಸ್ ಹೇಳಿ, ಅಂದರೆ ಈ ಭಾಗ ವೆಬ್ ಪುಟದ್ದು ಎಂದು ಗುರುತು ಹಾಕಿ, ಸ್ಕ್ರಿಪ್ಟ್ ತೂರಿಸಬಹುದು. ಎಕ್ಸ್‌ಎಂಎಲ್ ಎಂಬ ಲೇಬಲ್ ಇದ್ದರೆ ಬ್ರೌಸರ್ ಆ ಸ್ಕ್ರಿಪ್ಟನ್ನು ನಡೆಸುತ್ತದೆ, ಅದೂ ನಿಮ್ಮ ಸೈಟಿನ ಹೆಸರಿನಲ್ಲಿ. ಅಪರಿಚಿತರ ಫೈಲನ್ನು ಅಟ್ಯಾಚ್‌ಮೆಂಟ್ ಆಗಿ ಇಳಿಸಲು ಕೊಡಿ, ನೋಸ್ನಿಫ್ ಹಾಕಿ, ಸಾಧ್ಯವಾದರೆ ಬೇರೆಯೇ ಡೊಮೇನ್‌ನಲ್ಲಿಡಿ. ನಿಮ್ಮ ಸರ್ವರ್ ಆ ಫೈಲನ್ನು ಓದುವುದಾದರೆ ಪಾರ್ಸರ್‌ನಲ್ಲಿ ಎಕ್ಸ್‌ಟರ್ನಲ್ ಎಂಟಿಟಿ (ಹೊರಗಿನ ಫೈಲನ್ನು ಎಳೆದು ತರುವ ಸೌಲಭ್ಯ) ಆಫ್ ಇರಲಿ. ಕೊಂಡಿಗಳನ್ನು ಪುಟದಲ್ಲಿ ತೋರಿಸುವ ಮೊದಲು ಅವು ಎಚ್‌ಟಿಟಿಪಿ ಇಲ್ಲವೇ ಎಚ್‌ಟಿಟಿಪಿಎಸ್‌ನಿಂದಲೇ ಶುರುವಾಗುತ್ತವೆಯೇ ನೋಡಿ.

## ಬ್ರೌಸರ್‌ನಲ್ಲಿ ಪಟ್ಟಿ ಚೆಂದವಾಗಿ ಕಾಣಬೇಕು. ಸ್ಟೈಲ್‌ಶೀಟ್ ಹಾಕಬಹುದಾ?

ಎಕ್ಸ್‌ಎಂಎಲ್ಲನ್ನು ಪುಟವಾಗಿ ಮಾರ್ಪಡಿಸುವ ಎಕ್ಸ್‌ಎಸ್‌ಎಲ್‌ಟಿ ಎಂಬ ಸ್ಟೈಲ್‌ಶೀಟ್ ಹಾಕಿ ಹಾಗೆ ಮಾಡುತ್ತಿದ್ದರು. ಅದಕ್ಕೆ ಎಕ್ಸ್‌ಎಂಎಲ್ ಟೈಪೇ ಬೇಕು. ಆದರೆ ಅದನ್ನು ತೆಗೆದುಹಾಕುವ ಯೋಜನೆಯನ್ನು ಕ್ರೋಮ್ ತಂಡ 2025ರಲ್ಲಿ ಪ್ರಕಟಿಸಿದೆ. ಹೊಸದಾಗಿ ಶುರು ಮಾಡುವವರು ಆ ದಾರಿ ಹಿಡಿಯಬೇಡಿ. ಓದಲು ಒಂದು ಎಚ್‌ಟಿಎಂಎಲ್ ಪುಟ, ಇಳಿಸಲು ಒಪಿಎಂಎಲ್, ಎರಡನ್ನೂ ಪಕ್ಕಪಕ್ಕ ಇಡಿ.

## ಹೆಡರ್ ಸರಿ, ಕ್ಯಾರ್‌ಸೆಟ್ ಸರಿ. ಆದರೂ ಫೀಡ್ ರೀಡರ್ ತೆಗೆದುಕೊಳ್ಳುತ್ತಿಲ್ಲ.

ಈಗ ಫೈಲಿನ ಒಳಗೆ ನೋಡುವ ಹೊತ್ತು. ವಿಳಾಸಗಳಲ್ಲಿ & ಚಿಹ್ನೆ ಹಾಗೇ ಉಳಿದಿದೆಯಾ? ಎಕ್ಸ್‌ಎಂಎಲ್‌ನಲ್ಲಿ ಅದಾದ ತಕ್ಷಣ ಎ, ಎಂ, ಪಿ ಅಕ್ಷರಗಳೂ ಸೆಮಿಕೋಲನ್ನೂ ಇರಬೇಕು. ಕೈಯಲ್ಲಿ ಪಟ್ಟಿ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಪ್ರತಿ ಔಟ್‌ಲೈನ್‌ಗೂ ಟೆಕ್ಸ್ಟ್ ಎಂಬ ಗುಣ ಇದೆಯಾ? ಟೈಟಲ್ ಮಾತ್ರ ಕೊಟ್ಟು ಟೆಕ್ಸ್ಟ್ ಬಿಟ್ಟರೆ 2.0 ನಿಯಮ ಒಪ್ಪುವುದಿಲ್ಲ. ಫೀಡಿನ ವಿಳಾಸ ಕೊಡುವ ಎಕ್ಸ್‌ಎಂಎಲ್‌ಯುಆರ್‌ಎಲ್ ಎಂಬ ಗುಣವನ್ನು ಬರೆಯುವಾಗ ನಡುವಿನ ಯು ಒಂದೇ ದೊಡ್ಡಕ್ಷರ, ಉಳಿದದ್ದೆಲ್ಲ ಸಣ್ಣಕ್ಷರ. ಇದು ತಪ್ಪಿದರೆ ಸಾಲು ಕಾಣುತ್ತದೆ, ಫೀಡ್ ಸೇರುವುದಿಲ್ಲ.

ಇದೆಲ್ಲ ಸರಿ ಇದ್ದರೆ ಫೈಲಿನ ಮೊಟ್ಟಮೊದಲ ಸಾಲು ನೋಡಿ. ಪಿಎಚ್‌ಪಿಯಂಥದ್ದರಿಂದ ಪಟ್ಟಿ ತಯಾರಾಗುತ್ತಿದ್ದರೆ ಎಕ್ಸ್‌ಎಂಎಲ್ ಘೋಷಣೆಯ ಮೇಲೆ ಒಂದು ಖಾಲಿ ಸಾಲು ಸೇರಿಕೊಂಡಿರುತ್ತದೆ. ಕಣ್ಣಿಗೆ ಬೀಳುವುದಿಲ್ಲ, ಆದರೆ ಪಾರ್ಸರ್ ಅಲ್ಲೇ ನಿಲ್ಲುತ್ತದೆ. ಆ ಸಾಲು ಅಳಿಸಿ, ಕರ್ಲ್‌ನಿಂದ ಫೈಲನ್ನು ತರಿಸಿ, ಮೊದಲ ಗುರುತು < ಆಗಿದೆಯೇ ನೋಡಿ.